ಸೀಮೆಸುಣ್ಣದ ಗುರುತಿನ ಮೇಲೆ ನಿಂತವನು

ಮೆರಿಡಿಯನ್ ಸ್ಟುಡಿಯೋದವರು ಎಮೆಟ್ ಸೇಯರ್‌ಗೆ ಒಂದು ಗುರುವಾರದ ಸಂಬಳ ಇನ್ನೂ ಕೊಡಬೇಕು. ವಾರದ ದುಡ್ಡಿನಲ್ಲಿ ಆ ಒಂದು ದಿನದ್ದನ್ನು ಮುರಿದುಕೊಂಡರು. ಯಾಕಯ್ಯಾ ಎಂದು ನಾನು ಕೇಳಿದ್ದಕ್ಕೆ ಸಂಬಳದ ಕಿಟಕಿಯ ಹಿಂದೆ ಕೂತಿದ್ದವನು, "ಶಾಟ್ ಮುಗಿಯೋಕ್ ಮುಂಚೆ ಅಪ್ಪಣೆ ಇಲ್ದೆ ಸೆಟ್ ಬಿಟ್ಟು ಹೋಗಿದಾರೆ" ಅಂದ. ಹೋಗಿದ್ದು ನಿಜ. ಸ್ಟ್ರೆಚರ್ ಮೇಲೆ ಮಲಗಿಕೊಂಡು ಹೋಗಿದ್ದ. ಸ್ಟ್ರೆಚರಿನ ಒಂದು ತುದಿ ಹಿಡಿದವನು ನಾನು. ನನ್ನದೂ ಅರ್ಧ ದಿನ ಮುರಿದರು.

ಮಾಲೀಕರು ಸತ್ತರು. ಸ್ಟುಡಿಯೋ ಕೈ ಬದಲಾಯಿತು. ಗೋವರ್ ಬೀದಿಯ ಆ ಜಾಗದಲ್ಲಿ ಈಗ ಹಳೇ ಕಾರು ಮಾರುತ್ತಾರೆ. ಎಮೆಟ್ ಕೂಡ ಮೊನ್ನೆಯ ಚಳಿಗಾಲದಲ್ಲಿ ಹೋದ. ಪತ್ರಿಕೆಯವರು ನಾಲ್ಕು ಸಾಲು ಬರೆದರು, ಆ ನಾಲ್ಕರಲ್ಲಿ ಎರಡು ಸುಳ್ಳು. ಆದ್ದರಿಂದ ನಾನು ಬರೆಯುತ್ತಿದ್ದೇನೆ. ನಾನು ಆ ಸ್ಟುಡಿಯೋದಲ್ಲಿ ದೀಪದವನಾಗಿದ್ದೆ. ಮೇಲೆ ಹಲಗೆಯ ಮೇಲೆ ಕೂತು ದೊಡ್ಡ ದೀಪಗಳನ್ನು ಹಚ್ಚುವ, ತಿರುಗಿಸುವ, ಆರಿಸುವ ಕೆಲಸ. ಅಲ್ಲಿಂದ ಎಲ್ಲರ ನೆತ್ತಿ ಕಾಣುತ್ತದೆ. ಯಾರ ತಲೆ ಬೆವರುತ್ತಿದೆ ಎಂಬುದು ನಮಗೆ ಮೊದಲು ಗೊತ್ತಾಗುತ್ತದೆ.

ಎಮೆಟ್ ಸೇಯರ್ ಅನ್ನುವುದು ಸ್ಟುಡಿಯೋ ಅಂಟಿಸಿದ ಹೆಸರು. ಅಪ್ಪ ಅಮ್ಮ ಇಟ್ಟಿದ್ದು ಎಮಿಲ್ ಸೊಬೊಟ್ಕಾ. ಅಪ್ಪ ಬೊಹೀಮಿಯಾದಿಂದ ಹಡಗು ಹತ್ತಿ ಬಂದು ಕ್ಲೀವ್‌ಲ್ಯಾಂಡಿನ ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆಗೆ ಕಲ್ಲಿದ್ದಲು ತುಂಬುತ್ತಿದ್ದವನು. ಮಗನನ್ನೂ ಕುಲುಮೆ ಮುಂದೆ ತಂದು ನಿಲ್ಲಿಸಿದ. ಕೆಂಪಗೆ ಕಾದ ಕಬ್ಬಿಣ ಹೊರಗೆ ಬಂದಾಗಲೆಲ್ಲ ಹುಡುಗ ಚಡ್ಡಿಯಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿದ್ದ. ಕೊನೆಗೆ ಅಪ್ಪನೇ ಬೇಸತ್ತು, "ನಿನ್ ಕೈಲಿ ಗಂಡಸರ ಕೆಲ್ಸ ಆಗಲ್ಲ ಕಣೋ, ಎಲ್ಲಾದ್ರೂ ಹೋಗಿ ಮುಖ ತೋರಿಸ್ಕೊಂಡು ಬದ್ಕು ಹೋಗು" ಅಂದನಂತೆ. ಎಮಿಲ್ ಹಾಗೇ ಮಾಡಿದ. ರೈಲು ಹತ್ತಿ ಪಿಕ್ಚರ್ ತೆಗೆಯುವ ಈ ಊರಿಗೆ ಬಂದು ಮುಖ ತೋರಿಸಿಕೊಂಡು ನಿಂತ.

ನಿಂತಿದ್ದು ಗೋವರ್ ಬೀದಿಯ ಮೂಲೆಯಲ್ಲಿ, ನೂರಾರು ಜನರ ಜೊತೆ. ಬೆಳಿಗ್ಗೆ ಒಬ್ಬ ಬಂದು "ನೀನು, ನೀನು, ಮೀಸೆಯವನು, ನೀನು ಬೇಡ" ಎಂದು ಬೆರಳು ತೋರಿಸಿ ಲಾರಿ ಹತ್ತಿಸುವ ಕಾಲ. ಎಮಿಲ್‌ನ ಕತ್ತು ಸಣ್ಣ, ಕಣ್ಣು ದೊಡ್ಡವು, ಕಿವಿ ಹೊರಕ್ಕೆ ಚಾಚಿದ್ದವು. ಗುಂಪಿನಲ್ಲಿ ಓಡುವವನು, ಜಾತ್ರೆಯಲ್ಲಿ ಕಡಲೆಕಾಯಿ ತಿನ್ನುವವನು, ಯುದ್ಧದಲ್ಲಿ ಮೊದಲೇ ಸತ್ತು ಬಿದ್ದಿರುವವನು. ಹೀಗೆ ಎರಡು ವರ್ಷ.

ಆಮೇಲೆ ಒಂದು ಕಾಡಿನ ಪಿಕ್ಚರ್ ಬಂತು. ಬೋನಿನಿಂದ ಸಿಂಹ ಹೊರಗೆ ಬಂದಾಗ ಕೂಲಿಗಳು ಓಡಬೇಕು. ಮುದಿ ಸಿಂಹ, ಹಲ್ಲಿಲ್ಲ, ಹೆದರಬೇಡಿ ಎಂದು ಎಲ್ಲರಿಗೂ ಹೇಳಿದ್ದರು. ಸಿಂಹ ಬಂತು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ಆಕಳಿಸಿತು. ಹಲ್ಲು ಇದ್ದವು. ಉಳಿದವರೆಲ್ಲ ಓಡಿದರು. ಎಮಿಲ್‌ಗೆ ಕಾಲು ಬರಲಿಲ್ಲ. ನಿಂತಲ್ಲೇ ನಿಂತ, ಮುಖ ಮಾತ್ರ ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡಿಕೊಂಡಿತು. ಪಳಗಿಸುವವನು ಬಂದು ಸಿಂಹವನ್ನು ಹಿಡಿದುಕೊಂಡು ಹೋದ. ಡೈರೆಕ್ಟರ್ ಸಿಂಹವನ್ನು ಬಿಟ್ಟು ಇವನ ಹತ್ತಿರ ಬಂದ.

"ನಿನ್ ಹೆಸ್ರೇನೋ?"

"ಎಮಿಲ್, ಸಾರ್."

"ಎಮಿಲ್, ನಿನ್ ಮುಖದಲ್ಲಿ ದುಡ್ಡಿದೆ."

ಆವತ್ತಿನಿಂದ ಅವನ ಕಸುಬು ಹೆದರುವುದು. ಕಳ್ಳರ ಗುಂಪಿನಲ್ಲಿ ಬಾಯಿ ಬಿಡುವವನು, ಪೋಲೀಸರಿಗೆ ಸುಳಿವು ಕೊಟ್ಟು ಬೆವರುವವನು, ಗೋಡೆಗೆ ಬೆನ್ನು ಹಚ್ಚಿ ಸಾಯುವವನು. ಮಾತಿನ ಚಿತ್ರ ಬಂದಾಗ ಎಷ್ಟೋ ಜನ ಚೆಲುವರು ಕೀಚಲು ದನಿಯ ತಪ್ಪಿಗೆ ಮನೆಗೆ ಹೋದರು. ಎಮೆಟ್ ಉಳಿದ. ಅವನ ದನಿ ಮೊದಲೇ ನಡುಗುತ್ತಿತ್ತು. ಧ್ವನಿಮುದ್ರಣದವರು ಅದನ್ನು ಕೇಳಿ ಮುತ್ತು ಸಿಕ್ಕಿದ ಹಾಗೆ ಕುಣಿದರು.

ಜನ ಅವನನ್ನು ದೊಡ್ಡ ನಟ ಅಂದುಕೊಂಡರು. ಅವನು ನಟಿಸುತ್ತಿರಲಿಲ್ಲ ಎಂಬುದು ಗೊತ್ತಿದ್ದವರು ಮೂರು ಜನ: ಹೆಂಡತಿ ವರ್ನಾ, ನಾನು, ಬಣ್ಣದ ಕೋಣೆಯ ಓಪಲ್ ಟ್ಯಾನ್ಸಿ. ನಾಯಿ ಬೊಗಳಿದರೆ ಎದುರು ಬೀದಿಗೆ ದಾಟುತ್ತಿದ್ದ. ಸಂಜೆ ಟೆಲಿಫೋನ್ ಹೊಡೆದುಕೊಂಡರೆ ಬೆಚ್ಚಿ ಬೀಳುತ್ತಿದ್ದ. ಕ್ಷೌರಕ್ಕೆ ಹೋದರೆ ಅಂಗಡಿಯವನು ಕತ್ತಿಯನ್ನು ಬೇಕಂತಲೇ ಗಾಳಿಯಲ್ಲಿ ಆಡಿಸಿ, "ಏನ್ ಸೇಯರ್ ಸಾಹೇಬ್ರೇ, ಒಂದ್ಸಲ ಹೆದರಿ ತೋರ್ಸಿ, ಈ ಕೂತಿರೋವ್ರೆಲ್ಲ ನಿಮ್ ಅಭಿಮಾನಿಗಳೇ" ಅನ್ನುತ್ತಿದ್ದ. ಎಮೆಟ್ ಹೆದರುತ್ತಿದ್ದ. ಅಂಗಡಿಯೆಲ್ಲ ನಗುತ್ತಿತ್ತು. ಅಂಗಡಿಯವನು ಕಾಸು ತೆಗೆದುಕೊಳ್ಳುತ್ತಿರಲಿಲ್ಲ. ಎಮೆಟ್ ಹೊರಗೆ ಬಂದು ಕಂಬ ಹಿಡಿದು ನಿಲ್ಲುತ್ತಿದ್ದ.

"ಹೆದರಿಕೆ ಮಾರಿ ಮನೆ ನಡೆಸ್ತಿದೀಯ, ಅದರಲ್ಲಿ ನಾಚಿಕೆ ಏನು ಬಂತು?" ಎಂದು ವರ್ನಾ ಬೈಯುತ್ತಿದ್ದಳು. ಅವಳು ಉಡುಪಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದ ಹೆಂಗಸು. ಬಾಯಿ ಚುರುಕು. "ನಾನು ಕಣ್ಣು ಮಾರ್ತೀನಿ, ಟೋಬಿ ಬೆನ್ನು ಮಾರ್ತಾನೆ. ನಿನ್ ಸರಕಾದ್ರೂ ಮುಗಿಯೋದಲ್ಲ." ಟೋಬಿ ಎಂದರೆ ನಾನು.

ಸರಕು ಮುಗಿಯದ ಹಾಗೆ ಸ್ಟುಡಿಯೋದವರು ನೋಡಿಕೊಂಡರು.

ಗ್ಯಾಂಗ್‌ಸ್ಟರ್ ಪಿಕ್ಚರುಗಳ ಹುಚ್ಚು ಹತ್ತಿದ ವರ್ಷಗಳು ಅವು. ಪರದೆಯ ಮೇಲೆ ಮೆಷಿನ್‌ಗನ್ನು ಹೊಡೆದರೆ ಗೋಡೆಯ ಗಾರೆ ಸಿಡಿಯಬೇಕು. ಗೋಡೆಯೊಳಗೆ ಚೂರು ಮದ್ದು ಹುದುಗಿಸಿ ತಂತಿಯಿಂದ ಸಿಡಿಸುವ ಉಪಾಯ ಬೇರೆ ಕಡೆ ಬಂದಿತ್ತಂತೆ. ನಮ್ಮಲ್ಲಿ ಬಂದಿರಲಿಲ್ಲ. ಅದಕ್ಕೆ ಒಂದು ದಿನ ಹಿಡಿಯುತ್ತದೆ, ಆಳು ಬೇಕು. ನಿಜವಾದ ಗುಂಡು ಅಗ್ಗ. ಆದ್ದರಿಂದ ಗುರಿಯಿಟ್ಟು ಹೊಡೆಯುವ ಒಬ್ಬ ಗುರಿಕಾರನನ್ನು ಇಟ್ಟುಕೊಂಡಿದ್ದರು. ಕ್ಯಾಮೆರಾ ಪಕ್ಕದಲ್ಲಿ ಎತ್ತರದ ಕಟ್ಟೆ, ಅದರ ಮೇಲೆ ಮೆಷಿನ್‌ಗನ್ನು, ಅದರ ಹಿಂದೆ ಕಾರ್ಪೊರಲ್ ರಸ್ಕ್. ಫ್ರಾನ್ಸಿನ ಯುದ್ಧ ಮುಗಿಸಿ ಬಂದವನು. ನಟನ ಸುತ್ತ ಒಂದು ಗೇಣು ಬಿಟ್ಟು, ಸೀಸದ ಕಡ್ಡಿಯಲ್ಲಿ ಗೆರೆ ಎಳೆದ ಹಾಗೆ ಗೋಡೆಗೆ ಗುಂಡು ಹೊಡೆಯುತ್ತಿದ್ದ.

ಇದಕ್ಕೊಂದು ಕಟ್ಟಳೆ ಇತ್ತು. ಶಾಟಿನ ದಿನ ಬೆಳಿಗ್ಗೆ ರಸ್ಕ್ ಮತ್ತು ನಟ ಇಬ್ಬರೇ ಗೋಡೆ ಹತ್ತಿರ ಹೋಗುತ್ತಾರೆ. ರಸ್ಕ್ ಬಗ್ಗಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಗುರುತು ಹಾಕುತ್ತಾನೆ, ಒಂದೊಂದು ಪಾದಕ್ಕೆ ಒಂದೊಂದು. ನಟ ಅದರ ಮೇಲೆ ನಿಲ್ಲುತ್ತಾನೆ. ರಸ್ಕ್ ಅಂಗೈ ಚಾಚಿ ಗೋಡೆಯ ಮೇಲೆ, ಇಲ್ಲಿ ಬೀಳತ್ತೆ, ಇಲ್ಲಿ ಬೀಳತ್ತೆ ಎಂದು ಮುಟ್ಟಿ ತೋರಿಸುತ್ತಾನೆ. ಆಮೇಲೆ ಇಬ್ಬರೂ ಕೈ ಕುಲುಕುತ್ತಾರೆ. ಕೈ ಕೊಟ್ಟ ಮೇಲೆ ನಟ ಗುರುತು ಬಿಟ್ಟು ಕದಲುವ ಹಾಗಿಲ್ಲ. ಕದಲಿದರೆ ಗುಂಡಿಗೆ ಅಡ್ಡ ಬೀಳುತ್ತಾನೆ, ಅದು ಒಂದು. ಕದಲಿದರೆ ಗುರಿಕಾರನನ್ನು ನಂಬಲಿಲ್ಲ ಎಂದಾಗುತ್ತದೆ, ಅದು ದೊಡ್ಡದು. ಒಬ್ಬ ಹೀರೋ ಹಿಂದೆ ಸರಿದಿದ್ದಕ್ಕೆ ಇಡೀ ಸೆಟ್ಟು ಒಂದು ತಿಂಗಳು ಅವನ ಕೈಗೆ ಕಾಫಿ ಕೊಡಲಿಲ್ಲ.

ಎಮೆಟ್ ಎಂದೂ ಸರಿಯಲಿಲ್ಲ. ಅವನ ಮೈಯೆಲ್ಲ ನಡುಗುತ್ತಿತ್ತು, ಪಾದ ಮಾತ್ರ ಸಿಂಹದ ದಿನ ನಿಂತ ಹಾಗೆ ನಿಲ್ಲುತ್ತಿತ್ತು. ರಸ್ಕ್‌ಗೆ ಅವನ ಮೇಲೆ ಪ್ರೀತಿ. "ಹೆದರುಪುಕ್ಕಲರಲ್ಲೇ ನೀನೊಬ್ಬ ಧೈರ್ಯವಂತ ಕಣೋ" ಅನ್ನುತ್ತಿದ್ದ.

ಮೂವತ್ತನಾಲ್ಕರ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಹಲಗೆಗಳ ರಾಶಿಯ ಹಿಂದೆ ನೆರಳಲ್ಲಿ ಕೂತು ನಾನು ಮೊಟ್ಟೆ ಸ್ಯಾಂಡ್‌ವಿಚ್ ತಿನ್ನುತ್ತಿದ್ದೆ. ಎಮೆಟ್ ಬಂದು ಪಕ್ಕದಲ್ಲಿ ಕುಸಿದ. ತನ್ನ ಡಬ್ಬಿ ಬಿಚ್ಚಲಿಲ್ಲ.

"ಟೋಬಿ, ರಸ್ಕ್‌ಗೆ ಕಣ್ಣು ಕಾಣ್ತಿಲ್ಲ."

"ಯಾರ್ ಹೇಳಿದ್ದು?"

"ಯಾರೂ ಹೇಳಿಲ್ಲ. ಬೆಳಿಗ್ಗೆ ಗುರುತು ಹಾಕ್ದ. ಸೀಮೆಸುಣ್ಣ ಕೈ ಜಾರಿ ಬಿತ್ತು. ಅವನ ಬೂಟಿನ ಪಕ್ಕದಲ್ಲೇ ಬಿದ್ದಿದೆ. ಬಿಳೀ ಸುಣ್ಣ, ಕಪ್ಪು ನೆಲ. ಕುರುಡ ತಡಕಾಡೋ ಹಂಗೆ ಕೈಯಾಡ್ಸಿ ಹುಡುಕ್ದ. ನಾನೇ ಎತ್ತಿ ಕೊಟ್ಟೆ."

"ಆಮೇಲೆ?"

"ಆಮೇಲೇನು, ಕೈ ಕೊಟ್ಟೆ. ನಿಂತೆ. ಭುಜದ ಮೇಲಿಂದ ಇಷ್ಟೇ ಇಷ್ಟು ದೂರದಲ್ಲಿ ಹೋಯ್ತು." ಬೆರಳು ತೋರಿಸಿದ. ಎರಡು ಬೆರಳಿನ ಅಗಲ. "ಗಾಳಿ ತಾಕ್ತು ಟೋಬಿ. ಗುರುವಾರ ದೊಡ್ಡ ಶಾಟ್ ಇದೆ."

"ಡೈರೆಕ್ಟರ್‌ಗೆ ಹೇಳು."

"ಹೇಳಿದ್ರೆ ರಸ್ಕ್‌ನ ನಾಳೆನೇ ಓಡಿಸ್ತಾರೆ. ಅವನಿಗೆ ಬೇರೆ ಏನ್ ಬರತ್ತೆ? ನಂದೂ ಹದಿನೈದಕ್ಕೆ ಎತ್ಕೊಳೋ ದಿನ."

ಎತ್ತಿಕೊಳ್ಳುವುದು ಅಂದರೆ ಹೀಗೆ. ಕಾಂಟ್ರ್ಯಾಕ್ಟು ಏಳು ವರ್ಷದ್ದು, ಆದರೆ ಕಟ್ಟು ನಟನಿಗೆ ಮಾತ್ರ. ಆರಾರು ತಿಂಗಳಿಗೊಮ್ಮೆ ಸ್ಟುಡಿಯೋದವರು ಬೇಕಾದರೆ ಎತ್ತಿಕೊಳ್ಳುತ್ತಾರೆ, ಬೇಡವಾದರೆ ಕೆಳಗೆ ಹಾಕುತ್ತಾರೆ. ಆ ತಿಂಗಳು ಬಂತೆಂದರೆ ನಟರಿಗೆ ಊಟ ಸೇರುತ್ತಿರಲಿಲ್ಲ. ತಕರಾರು ಮಾಡಿದವನನ್ನು ಕೆಳಗೆ ಹಾಕಿದರೆ ಬೇರೆ ಸ್ಟುಡಿಯೋದ ಬಾಗಿಲೂ ತೆರೆಯುತ್ತಿರಲಿಲ್ಲ. ಮಾಲೀಕರು ವಾರಕ್ಕೊಮ್ಮೆ ಒಂದೇ ಮೇಜಿನಲ್ಲಿ ಕೂತು ಇಸ್ಪೀಟು ಆಡುವವರು.

ನಾನು ನನ್ನ ಮೇಸ್ತ್ರಿಗೆ ಹೇಳಿದೆ. ಅವನು ಸಿಗಾರಿನ ತುದಿ ಉಗುಳಿ, "ನಿಂದು ದೀಪ. ದೀಪ ನೋಡ್ಕೋ" ಅಂದ.

ಉಳಿದಿದ್ದು ಸಂಘ. ನಟರು ಆಗಷ್ಟೇ ಗುಟ್ಟಾಗಿ ಸಂಘ ಕಟ್ಟುತ್ತಿದ್ದರು. ಒಬ್ಬರ ಮನೆ ಮುಂದೆ ನಾಲ್ಕು ಕಾರು ನಿಂತರೆ ಸ್ಟುಡಿಯೋದ ಬೇಹಿನವರು ನಂಬರು ಬರೆದುಕೊಳ್ಳುತ್ತಿದ್ದರು. ಅದಕ್ಕೆ ಆ ಭಾನುವಾರ ಗ್ರಿಫಿತ್ ಪಾರ್ಕಿನಲ್ಲಿ ಮಗುವಿನ ಹುಟ್ಟುಹಬ್ಬ ಎಂದು ಸೇರಿದ್ದರು. ಕೇಕು ಇತ್ತು, ಬಲೂನು ಇತ್ತು, ಬಣ್ಣದ ಕಾಗದದ ಟೋಪಿ ಇತ್ತು. ಮಗು ಇರಲಿಲ್ಲ. ಪರದೆಯ ಮೇಲೆ ಬ್ಯಾಂಕು ದೋಚುವ ದಾಂಡಿಗರೆಲ್ಲ ಕಾಗದದ ಟೋಪಿ ಹಾಕಿಕೊಂಡು ಕೆಲಸದ ಗಂಟೆಯ ಬಗ್ಗೆ ಪಿಸುಗುಟ್ಟುತ್ತಿದ್ದರು. ಎಮೆಟ್‌ನನ್ನು ನಾನೂ ವರ್ನಾಳೂ ಎರಡು ಕಡೆ ಹಿಡಿದು ಕರೆದುಕೊಂಡು ಹೋಗಿದ್ದೆವು.

"ಮಾತಾಡೋ," ಅಂದೆ.

ಎದ್ದು ನಿಂತ. ಬಾಯಿ ತೆರೆದ. ಆಗಲೇ ದಾರಿಯಲ್ಲಿ ಕುದುರೆ ಮೇಲೆ ಪಾರ್ಕಿನ ಪೋಲೀಸಿನವನು ಹಾದು ಹೋದ. ಎಮೆಟ್ ಕೈಯಲ್ಲಿದ್ದ ಕೇಕನ್ನು ಎತ್ತಿ ಹಿಡಿದು, "ಹುಟ್ಟುಹಬ್ಬದ ಶುಭಾಶಯ!" ಎಂದು ಕಿರುಚಿ ಕೂತುಬಿಟ್ಟ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಂಥಾ ಸಮಯಸ್ಫೂರ್ತಿ ಅಂದರು. ವರ್ನಾ ನಗಲಿಲ್ಲ. ಅವನ ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು.

ಬುಧವಾರ ಅವನೇ ರಸ್ಕ್‌ನ ಹತ್ತಿರ ಹೋದ. ನಾನು ಮೇಲೆ ದೀಪದ ಗಾಜು ಒರೆಸುತ್ತಿದ್ದೆ, ಕೆಳಗಿನ ಮಾತು ಕೇಳುತ್ತಿತ್ತು.

"ಕಾರ್ಪೊರಲ್, ನಿಮಗೆ ಕಣ್ಣು..."

ರಸ್ಕ್ ಬಂದೂಕಿಗೆ ಎಣ್ಣೆ ಹಾಕುತ್ತಿದ್ದ. ಕೈ ನಿಂತಿತು. ಆಮೇಲೆ ಮೆಲ್ಲಗೆ ಕೇಳಿದ: "ಯಾರಿಗಾದ್ರೂ ಹೇಳಿದೀಯಾ?"

"ಇಲ್ಲ. ಟೋಬಿಗೂ ವರ್ನಾಗೂ ಮಾತ್ರ."

"ಮೋಡ ಕವಿದ ಹಂಗೆ ಆಗತ್ತೆ. ಯಾವಾಗ್ಲೂ ಅಲ್ಲ. ಬೆಳಕು ಜೋರಾಗಿದ್ರೆ ಆಗತ್ತೆ."

"ಇಲ್ಲಿ ಬೆಳಕು ಜೋರಾಗೇ ಇರತ್ತಲ್ಲ, ಕಾರ್ಪೊರಲ್."

"ಈ ಪಿಕ್ಚರ್ ಒಂದು ಮುಗಿಸಿಬಿಡ್ತೀನಿ ಕಣೋ. ಆಮೇಲೆ ನಾನೇ ಬಿಡ್ತೀನಿ. ನಾಳೆ ಇನ್ನೊಂದು ಗೇಣು ಜಾಸ್ತಿ ಬಿಟ್ಟು ಹೊಡೀತೀನಿ. ಕೈ ಕೊಡ್ಲಾ?"

ಹೆದರಿದವನ ಕಣ್ಣು ಹೆದರಿದವನಿಗೆ ಬೇಗ ಗೊತ್ತಾಗುತ್ತದೆ. ಎಮೆಟ್ ಕೈ ಕೊಟ್ಟ. ರಸ್ಕ್ ಎಣ್ಣೆಯ ಬಟ್ಟೆ ಎತ್ತಿಕೊಂಡು ಮತ್ತೆ ಬಂದೂಕು ಒರೆಸತೊಡಗಿದ.

ಗುರುವಾರ. ಸೆಟ್ಟು ಒಂದು ಗ್ಯಾರೇಜಿನ ಹಿಂಗೋಡೆ. ಬಾಯಿಬಿಟ್ಟ ಸಾಕ್ಷಿಯನ್ನು ಗ್ಯಾಂಗಿನವರು ಗೋಡೆಗೆ ನಿಲ್ಲಿಸಿ ಕೊಲ್ಲುವ ದೃಶ್ಯ. ಸಾಕ್ಷಿ ಎಮೆಟ್. ಮೊದಲು ಗುಂಡು ಸುತ್ತ ಬೀಳಬೇಕು, ಅವನು ಅಂಗಲಾಚಬೇಕು, ಆಮೇಲೆ ಕ್ಯಾಮೆರಾ ನಿಲ್ಲಿಸಿ ಓಪಲ್ ಟ್ಯಾನ್ಸಿ ಬಂದು ಅವನ ಅಂಗಿಗೆ ರಕ್ತ ಹಾಕಬೇಕು, ಆಮೇಲೆ ಬೀಳುವ ಶಾಟ್. ಕಪ್ಪು ಬಿಳುಪಿನ ಪಿಕ್ಚರಿಗೆ ರಕ್ತ ಎಂದರೆ ಚಾಕೊಲೇಟ್ ಪಾಕ. ಪರದೆಯ ಮೇಲೆ ರಕ್ತಕ್ಕಿಂತ ಅದೇ ಚೆನ್ನಾಗಿ ಕಾಣುತ್ತದೆ. ಓಪಲ್ ಒಂದು ಜಗ್ಗಿನಲ್ಲಿ ಪಾಕ ಹಿಡಿದು, ನೊಣ ಓಡಿಸುತ್ತಾ ಬದಿಯಲ್ಲಿ ನಿಂತಿದ್ದಳು.

ಆವತ್ತು ಮೇಲಿನ ಆಫೀಸಿನಿಂದ ಇಬ್ಬರು ಬಂದು ಕುರ್ಚಿ ಹಾಕಿಕೊಂಡಿದ್ದರು. ಯಾರನ್ನು ಎತ್ತಿಕೊಳ್ಳಬೇಕು, ಯಾರನ್ನು ಬಿಡಬೇಕು ಎಂದು ಹೇಳುವವರು ಅವರೇ. ಡೈರೆಕ್ಟರ್ ಪ್ರೈಸ್ ಅವರಿಗೆ ತೋರಿಸಲಿಕ್ಕೆ ಮೆರೆಯುತ್ತಿದ್ದ. ಬಾಗಿಲು ಹಾಕಿದರು. ಕೆಂಪು ದೀಪ ಹತ್ತಿತು. ನಾವು ಮೇಲಿನವರು ಎಲ್ಲ ದೀಪ ಹಚ್ಚಿದೆವು. ಗೋಡೆ ಹಾಲಿನ ಹಾಗೆ ಬೆಳಗಿತು.

ರಸ್ಕ್ ಎರಡು ಕಿವಿಗೂ ಹತ್ತಿ ತುರುಕಿಕೊಂಡು ಬಂದೂಕಿನ ಹಿಂದೆ ಕೂತ.

ಮೊದಲ ಸಲ ಗುಂಡು ದೂರ ದೂರ ಬಿದ್ದವು. ಮಾತು ಉಳಿಸಿಕೊಂಡಿದ್ದ. ಪ್ರೈಸ್ ಎದ್ದು ನಿಂತ.

"ಏನಿದು ಕಾರ್ಪೊರಲ್, ಗೋಡೆ ಗುಡಿಸ್ತಿದೀರಾ? ಹತ್ರ, ಹತ್ರ! ಟೋಪಿ ಅಂಚು ಅಲ್ಲಾಡ್ಬೇಕು!"

ಎರಡನೇ ಸಲ ಗಾರೆಯ ಚೂರು ಸಿಡಿದು ಎಮೆಟ್‌ನ ಕಿವಿ ಕೊಯ್ಯಿತು. ಪ್ರೈಸ್ ಕುಣಿದಾಡಿದ. ಎಮೆಟ್ ಗುರುತು ಬಿಟ್ಟು ಅವನ ಹತ್ತಿರ ನಡೆದು ಬಂದ.

"ಸಾರ್, ಒಂದ್ ಮಾತು ಸಾರ್..."

"ಮಾತು ಬೇಡ! ಈ ಹೆದರಿಕೆ ಇದೆಯಲ್ಲ, ಹಿಂಗೇ ಇಟ್ಕೋ, ಚೆಲ್ಲಿಬಿಡ್ಬೇಡ. ತುಂಬಿದ ಲೋಟ ಹಿಡ್ಕೊಂಡ ಹಂಗೆ ಹಿಡ್ಕೊಂಡು ಹೋಗಿ ನಿಂತ್ಕೋ."

ಕುರ್ಚಿಯಲ್ಲಿದ್ದ ಇಬ್ಬರೂ ಮುಗುಳ್ನಕ್ಕರು. ಎಮೆಟ್ ಅವರನ್ನು ನೋಡಿದ. ಮೇಲೆ ನನ್ನನ್ನು ನೋಡಿದ. "ಎಮಿಲ್, ಬಂದ್ಬಿಡೋ ಈ ಕಡೆ!" ಎಂದು ನಾನು ಕೂಗಿದೆ. ಮೇಸ್ತ್ರಿ ಪಕ್ಕದ ಹಲಗೆಯಿಂದ ನನ್ನ ತಾಯಿಯನ್ನು ಬೈದ. ಎಮೆಟ್ ತಲೆ ಅಲ್ಲಾಡಿಸಿದ. ಹೋಗಿ ಸೀಮೆಸುಣ್ಣದ ಮೇಲೆ ಪಾದ ಇಟ್ಟ.

ಮೂರನೇ ಸಲ ಮೊದಲ ಗುಂಡುಗಳು ಎಡಗಡೆ ಬಿದ್ದವು. ಎಡಗಡೆಯಿಂದ ಒಳಕ್ಕೆ ಬರತೊಡಗಿದವು. ಒಂದು ಗೇಣು. ನಾಲ್ಕು ಬೆರಳು. ಎರಡು. ಎಮೆಟ್‌ಗೆ ಅದು ಕಾಣುತ್ತಿತ್ತು. ಬಲಕ್ಕೆ ಹಾರೋಣವೆಂದರೆ ಮುಂದಿನ ಸಾಲು ಬಲಕ್ಕೇ ಬರುವುದು, ಅದು ಅವನಿಗೆ ಗೊತ್ತು. ನಿಂತರೆ ಸಾವು, ಕದಲಿದರೆ ಸಾವು. ಅವನಿಗೆ ಉಳಿದಿದ್ದು ಬಾಯಿ. ಅವನು ಕೂಗಿದ.

"ನಿಲ್ಲಿಸ್ರೋ! ನಿಲ್ಲಿಸ್ರೋ! ಅವನಿಗೆ ಕಣ್ಣು ಕಾಣಲ್ಲ! ನನ್ನ ಸಾಯಿಸ್ತಾನೆ, ಯಾರಾದ್ರೂ ನಿಲ್ಲಿಸಿ, ದಮ್ಮಯ್ಯ!"

ಬೇರೆ ಯಾವ ಕಾರ್ಖಾನೆಯಲ್ಲಾದರೂ ಒಬ್ಬ ಹೀಗೆ ಕೂಗಿದ್ದರೆ ಯಂತ್ರ ನಿಲ್ಲುತ್ತಿತ್ತು. ನಮ್ಮದು ಕೂಗಿಗೇ ಸಂಬಳ ಕೊಡುವ ಕಾರ್ಖಾನೆ. ಧ್ವನಿಯವನು ತನ್ನ ಗೂಡಿನೊಳಗಿಂದ ಹೆಬ್ಬೆರಳು ಎತ್ತಿ ತೋರಿಸಿದ. ಕ್ಯಾಮೆರಾದವನು ಇನ್ನೂ ಒಳಕ್ಕೆ ಬಾಗಿದ. ಪ್ರೈಸ್ ಎರಡೂ ಕೈ ಮುಷ್ಟಿ ಕಟ್ಟಿ, ಹೂಂ ಹೂಂ, ಇನ್ನೂ, ಇನ್ನೂ ಎಂದು ತಾಳ ಹಾಕುತ್ತಿದ್ದ. ಕೇಳಿದರೆ ನಿಲ್ಲಿಸುತ್ತಿದ್ದವನು ಒಬ್ಬನೇ, ಅವನ ಕಿವಿಯಲ್ಲಿ ಹತ್ತಿ. ನನ್ನ ಕೈ ದೀಪದ ಸ್ವಿಚ್ಚಿಗೆ ಹೋಗುವಷ್ಟರಲ್ಲಿ ಎಮೆಟ್ ಗೋಡೆಗೆ ಜಾರಿ ಕೂತಿದ್ದ.

"ಕಟ್!" ಅಂದ ಪ್ರೈಸ್. ಸೆಟ್ಟಿನ ತುಂಬ ಚಪ್ಪಾಳೆ. ಬಡಗಿಗಳು, ಬಣ್ಣದವರು, ಕುರ್ಚಿಯ ಇಬ್ಬರು, ಎಲ್ಲರೂ. "ಏನ್ ಬಿದ್ದ ಗುರೂ! ಬೀಳೋದು ಇನ್ನೊಂದು ಶಾಟ್ ಇತ್ತು, ಇದರಲ್ಲೇ ಬಿದ್ದುಬಿಟ್ಟ!" ಅಂದ ಒಬ್ಬ ಬಡಗಿ. ಎಮೆಟ್‌ನ ಬಾಯಿ ತೆರೆದೇ ಇತ್ತು. ಚಪ್ಪಾಳೆ ನಿಲ್ಲುವ ತನಕ ಅವನ ದನಿ ಯಾರಿಗೂ ಕೇಳಿಸಲಿಲ್ಲ. ಆಗ ಓಪಲ್ ಟ್ಯಾನ್ಸಿ ಜಗ್ಗನ್ನು ಎತ್ತಿ ಹಿಡಿದುಕೊಂಡು ಕಿರುಚಿದಳು.

"ನಾನಿನ್ನೂ ಪಾಕ ಹಾಕಿಲ್ಲ! ಅಯ್ಯೋ, ನಾನಿನ್ನೂ ಹಾಕೇ ಇಲ್ಲ ಕಣ್ರೋ!"

ಎಲ್ಲರೂ ನೋಡಿದರು. ಎಡ ತೊಡೆಯಿಂದ ಪ್ಯಾಂಟು ನೆನೆಯುತ್ತಿತ್ತು. ಕಂದು ಬಣ್ಣವಲ್ಲ. ಕೆಂಪು. ವರ್ಷಗಟ್ಟಲೆ ಕಂದು ರಕ್ತ ನೋಡಿದ ಜನ ಕೆಂಪು ಕಂಡು ಹಿಂದಕ್ಕೆ ಸರಿದರು.

ರಸ್ಕ್ ಕಟ್ಟೆಯಿಂದ ಇಳಿದು, ಒಂದು ಕಿವಿಯ ಹತ್ತಿ ಕಿತ್ತು, ಕಂಡಕಂಡವರ ತೋಳು ಹಿಡಿದು ಕೇಳುತ್ತಿದ್ದ: "ಏನಂದ? ಅವನು ಏನೋ ಅಂದ್ನಲ್ಲ, ಏನಂದ?" ಕೊನೆಗೆ ಎಮೆಟ್‌ನೇ, ನಾನು ಸ್ಟ್ರೆಚರ್ ಎತ್ತುವಾಗ, ಹಲ್ಲು ಕಡಿಯುತ್ತಾ ಹೇಳಿದ: "ನಿಲ್ಲಿಸಿ ಅಂದೆ, ಕಾರ್ಪೊರಲ್."

ಅವನು ಸಾಯಲಿಲ್ಲ. ಆದರೆ ನಿಜವಾಗಿ ಹೆದರಬೇಕಾದ ಗಳಿಗೆ ಶನಿವಾರ ಬಂತು. ಕುರ್ಚಿಯ ಇಬ್ಬರಲ್ಲಿ ಒಬ್ಬ ಆಸ್ಪತ್ರೆಗೆ ಹಣ್ಣಿನ ಬುಟ್ಟಿ ಹಿಡಿದುಕೊಂಡು ಬಂದ. ವರ್ನಾ ತಲೆದೆಸೆಯಲ್ಲಿ ಕೂತಿದ್ದಳು, ನಾನು ಕಿಟಕಿ ಹತ್ತಿರ.

"ಸೇಯರ್, ನೀನು ಎಡವಿ ಬಿದ್ದೆ," ಅಂದ ಆ ಮನುಷ್ಯ, ನಯವಾಗಿ. "ಸೆಟ್ಟಿನ ಕಬ್ಬಿಣದ ಸಲಾಕೆ ಚುಚ್ಚಿತು. ನಮ್ಮ ಡಾಕ್ಟ್ರೂ ಅದೇ ಹೇಳ್ತಾರೆ. ಸೋಮವಾರ ಪತ್ರಿಕೆಯವರು ಬರ್ತಾರೆ, ನೀನೂ ಹಾಗೇ ಹೇಳ್ತೀಯ. ಹದಿನೈದಕ್ಕೆ ನಿನ್ನ ಎತ್ಕೊಳ್ತೀವಿ. ಸಂಬಳ ಹೆಚ್ಚಿಸಿ ಎತ್ಕೊಳ್ತೀವಿ."

"ಇಲ್ದಿದ್ರೆ?" ವರ್ನಾ ಕೇಳಿದಳು.

"ಇಲ್ದಿದ್ರೆ ಏನಮ್ಮಾ, ಈ ಊರಲ್ಲಿ ಸಣ್ಣ ಕತ್ತಿನವರಿಗೆ ಬರವಿಲ್ಲ."

ಎಮೆಟ್ ಹೊದಿಕೆಯನ್ನು ಗದ್ದದ ತನಕ ಎಳೆದುಕೊಂಡಿದ್ದ. ಮಂಚ ಗಡಗಡ ಅನ್ನುತ್ತಿತ್ತು, ಸುಳ್ಳಲ್ಲ, ಅದರ ಕಬ್ಬಿಣದ ಕಾಲು ನೆಲಕ್ಕೆ ಬಡಿಯುತ್ತಿತ್ತು. ಅವನು ಹೂಂ ಅನ್ನುತ್ತಾನೆ ಎಂದುಕೊಂಡೆ. ಅಂದಿದ್ದರೆ ನಾನು ಅವನನ್ನು ದೂರುತ್ತಿರಲಿಲ್ಲ. ಒಂದು ಕಾಲು ಊನವಾದವನಿಗೆ ಕೆಲಸ ಇನ್ನೂ ಬೇಕಾಗುತ್ತದೆ.

"ಗುಂಡು," ಅಂದ ಎಮೆಟ್.

"ಏನು?"

"ಗುಂಡು ಅಂತ ಹೇಳ್ತೀನಿ ಸಾರ್. ನಂಗೆ ತುಂಬ ಭಯ ಆಗ್ತಿದೆ. ಆದ್ರೂ ಗುಂಡು ಅಂತಾನೇ ಹೇಳ್ತೀನಿ."

ಆ ಮನುಷ್ಯ ಟೋಪಿ ಹಾಕಿಕೊಂಡು ಎದ್ದ. ಹೋಗುವಾಗ ಹಣ್ಣಿನ ಬುಟ್ಟಿ ವಾಪಸ್ಸು ತೆಗೆದುಕೊಂಡು ಹೋದ.

ಸೋಮವಾರ ಎಮೆಟ್ ಹೇಳಿದ, ಪತ್ರಿಕೆಯವರು ಬರೆಯಲಿಲ್ಲ. ಜಾಹೀರಾತು ಕೊಡುವವರು ಯಾರು ಎಂದು ನಿಮಗೆ ಗೊತ್ತಲ್ಲ. ಆದರೆ ಮಾತು ಸೆಟ್ಟಿನಿಂದ ಸೆಟ್ಟಿಗೆ ಬಾಯಿಂದ ಬಾಯಿಗೆ ಹೋಯಿತು. ಪ್ರೈಸ್ ಹೊಸ ಗುರಿಕಾರನನ್ನು ಕರೆತಂದ ದಿನ ನಾವು ಮೇಲಿನವರು ದೀಪ ಹಚ್ಚಲಿಲ್ಲ. ಪ್ರೈಸ್ ಕೆಳಗಿಂದ ನಮ್ಮ ವಂಶವನ್ನೆಲ್ಲ ಬೈದ. ಓಪಲ್ ಟ್ಯಾನ್ಸಿ ಪಾಕದ ಜಗ್ಗನ್ನು ನೆಲಕ್ಕಿಟ್ಟು ಅದರ ಪಕ್ಕದಲ್ಲೇ ಕಾಲು ಚಾಚಿ ಕೂತಳು. ರಸ್ಕ್, ಕೆಲಸದಿಂದ ತೆಗೆದಿದ್ದರೂ ಗೇಟಿಗೆ ಬಂದು ನಿಂತು, ಒಳಗೆ ಹೋಗುವ ಪ್ರತಿಯೊಬ್ಬ ನಟನಿಗೂ "ನಂಗೆ ಕಣ್ಣು ಕಾಣ್ತಿರ್ಲಿಲ್ಲ, ನಾನು ಹೇಳ್ಲಿಲ್ಲ" ಎಂದು ಹೇಳಿದ. ಆರು ಜನ ದೀಪದವರನ್ನು ಓಡಿಸಿದರು, ನನ್ನನ್ನೂ ಸೇರಿಸಿ. ಆದರೆ ಮೆರಿಡಿಯನ್ನಿನಲ್ಲಿ ನಿಜವಾದ ಗುಂಡು ಮತ್ತೆ ಹಾರಲಿಲ್ಲ. ಗೋಡೆಗೆ ಮದ್ದು ಹುದುಗಿಸುವವನಿಗೆ ಒಂದು ದಿನದ ಕೂಲಿ ಕೊಡಲು ಅವರಿಗೆ ಕೊನೆಗೂ ಕೈ ಬಂತು.

ಎಮೆಟ್‌ನನ್ನು ಯಾರೂ ಎತ್ತಿಕೊಳ್ಳಲಿಲ್ಲ. ಅವನು ಮತ್ತೆ ಎಮಿಲ್ ಸೊಬೊಟ್ಕಾ ಆದ. ಕುಂಟುತ್ತಾ ವೈನ್ ಬೀದಿಯ ಒಂದು ಹೋಟೆಲಿನಲ್ಲಿ ಗಿರಾಕಿಗಳ ಕೋಟು ಟೋಪಿ ಇಸಿದುಕೊಂಡು ಇಡುವ ಕೆಲಸಕ್ಕೆ ಸೇರಿದ. ಗುರುತು ಸಿಕ್ಕಿದವರು ಬೆರಳಿನಿಂದ ಬಂದೂಕು ಮಾಡಿ ಢಂ ಅನ್ನುತ್ತಿದ್ದರು. ಅವನು ಬೆಚ್ಚುತ್ತಿದ್ದ. ಕಾಸು ಹಾಕುತ್ತಿದ್ದರು. ಸಂಘದ ಯಾವ ಸಭೆಯನ್ನೂ ತಪ್ಪಿಸಲಿಲ್ಲ. ಬಾಗಿಲ ಪಕ್ಕದ ಕುರ್ಚಿಯೇ ಬೇಕು ಅವನಿಗೆ. "ಓಡೋಕೆ ಅನುಕೂಲ" ಅನ್ನುತ್ತಿದ್ದ. "ಈ ಕಾಲಲ್ಲಾ?" ಎಂದು ವರ್ನಾ ಛೇಡಿಸುತ್ತಿದ್ದಳು. ಕೊನೆಯ ತನಕ ಅಂಜುಬುರುಕನಾಗಿಯೇ ಇದ್ದ. ಆಸ್ಪತ್ರೆಯ ಆ ದಿನದ ನಂತರ ಧೈರ್ಯ ಬಂತು ಎಂದು ಯಾರಾದರೂ ಬರೆದರೆ ನಂಬಬೇಡಿ.

ಆ ಪಿಕ್ಚರ್ ಮಾತ್ರ ಸಾಯಲಿಲ್ಲ. ಪ್ರೈಸ್ ಮೂರನೇ ಸಲದ ಶಾಟನ್ನೇ ಇಟ್ಟುಕೊಂಡ, ಕೂಗಿನ ಸಮೇತ. ಕತೆಗೆ ಸರಿಹೊಂದಲಿ ಎಂದು, ಕೊಲೆಗಾರನಿಗೆ ಕಣ್ಣಿನ ತೊಂದರೆ ಇದೆ ಅನ್ನುವ ಒಂದು ಸಣ್ಣ ದೃಶ್ಯವನ್ನು ಆಮೇಲೆ ಸೇರಿಸಿದ. ಈಗ ಅದು ಟೆಲಿವಿಷನ್ನಿನಲ್ಲಿ ಬರುತ್ತದೆ, ಹಳೇ ಪಿಕ್ಚರ್ ತೋರಿಸುವ ಹಾಲ್‌ಗಳಲ್ಲಿ ಬರುತ್ತದೆ. ಹೋದ ತಿಂಗಳು ನಾನೂ ವರ್ನಾಳೂ ಒಂದು ಕಡೆ ಹೋಗಿ ಕೂತಿದ್ದೆವು. ಓದಿದ ಜನ, ಒಳ್ಳೇ ಬಟ್ಟೆಯವರು. ಎಮಿಲ್ ಗೋಡೆಗೆ ಜಾರಿ ಕೂತ ಕೂಡಲೇ ಹಾಲ್ ತುಂಬ ಚಪ್ಪಾಳೆ. ಪರದೆಯ ಮೇಲೆ ಅವನ ಬಾಯಿ ಇನ್ನೂ ತೆರೆದಿತ್ತು. ವರ್ನಾ ಎದ್ದು ಹೊರಗೆ ಹೋದಳು.

ನೀವೂ ಅದನ್ನು ಒಂದಲ್ಲ ಒಂದು ದಿನ ನೋಡುತ್ತೀರಿ. ಗ್ಯಾರೇಜಿನ ಗೋಡೆ ಬರುತ್ತದೆ, ಸಣ್ಣ ಕತ್ತಿನವನು ಬರುತ್ತಾನೆ, ಗುಂಡು ಎಡಗಡೆಯಿಂದ ಒಳಕ್ಕೆ ಬರುತ್ತದೆ, ಅವನು ಕೂಗುತ್ತಾನೆ. ಅದು ನಟನೆಯಲ್ಲ ಎಂದು ಈಗ ನಿಮಗೆ ಗೊತ್ತು, ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಚಪ್ಪಾಳೆ ತಟ್ಟದೆ ಕೈ ಜೇಬಿನಲ್ಲಿಡಿ. ಕುರ್ಚಿಯಿಂದ ಎದ್ದು ನಿಲ್ಲಿ. ಪಿಕ್ಚರ್ ಓಡಿಸುವವನಿಗೆ ಕೇಳಿಸುವ ಹಾಗೆ "ನಿಲ್ಲಿಸಿ" ಎಂದು ಕೂಗಿ, ಅವನು ನಿಲ್ಲಿಸುವ ತನಕ ಕೂಗಿ. ಅಕ್ಕಪಕ್ಕದವರು ತಿರುಗಿ ನೋಡುತ್ತಾರೆ, ಹುಚ್ಚು ಅನ್ನುತ್ತಾರೆ, ಎಳೆದು ಕೂರಿಸುತ್ತಾರೆ. ನಿಮಗೆ ಭಯವಾಗುತ್ತದೆ. ಆಗಲಿ. ಕೂಗುತ್ತೀರೋ ಇಲ್ಲವೋ, ಅದನ್ನು ಹೇಳಿ.